ಉಸಿರಿಗೆ ನಿಲ್ಲದ ಡಬ್ಬಿ

ನಾನು ಒಂದು ಕೀಬೋರ್ಡು. ನನ್ನಲ್ಲಿ ಮರವಿಲ್ಲ, ತಂತಿಯಿಲ್ಲ, ತೊಗಲಿಲ್ಲ. ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಕರಗಿಸಿ ಅಚ್ಚಿಗೆ ಹೊಯ್ದರು. ಬಿಳಿದು ಕರಿದು ಸೇರಿಸಿ ಅರವತ್ತೊಂದು ಕೀ ಜೋಡಿಸಿದರು. ಹೊಟ್ಟೆಯೊಳಗೆ ಒಂದು ಹಸಿರು ಹಲಗೆ ಇಟ್ಟು ಸ್ಕ್ರೂ ಬಿಗಿದರು. ಜಗತ್ತಿನ ವಾದ್ಯಗಳೆಲ್ಲ ಆ ಹಲಗೆಯಲ್ಲಿದ್ದವು. ಪಿಟೀಲು, ಕೊಳಲು, ಡ್ರಮ್ಮು, ಬೇಸ್ ಗಿಟಾರು. ಒಂದನ್ನೂ ನಾನು ಕಲಿತದ್ದಲ್ಲ. ಕಲಿಯದೆ ಎಲ್ಲ ಬರುವವರನ್ನು ಕಂಡರೆ ಜನಕ್ಕೆ ಯಾಕಷ್ಟು ಪ್ರೀತಿಯೋ, ನನಗೆ ಇವತ್ತಿಗೂ ತಿಳಿದಿಲ್ಲ.

ನನ್ನ ಎಡಗಡೆ ಒಂದು ಕೆಂಪು ಗುಂಡಿ ಇತ್ತು. ಅದನ್ನು ಒತ್ತಿ, ಎಡಗೈಯ ಒಂದೇ ಬೆರಳನ್ನು ಒಂದು ಕೀ ಮೇಲೆ ಇಟ್ಟರೆ ಸಾಕು, ಡ್ರಮ್ಮೂ ಬೇಸೂ ತಾವಾಗಿಯೇ ಹೊರಡುತ್ತಿದ್ದವು. ನನ್ನ ಕತೆಯೆಂದರೆ ಆ ಗುಂಡಿಯ ಕತೆಯೇ.

ನನ್ನನ್ನು ಮೊದಲು ಕೊಂಡವನು ಹುಬ್ಬಳ್ಳಿಯ ಮನೋಹರ ಕಠಾರೆ. ಚಂದ್ರಹಾರ ಮೆಲೋಡೀಸ್ ಎಂಬ ಆರ್ಕೆಸ್ಟ್ರಾದ ಮಾಲೀಕ. ತಂದ ದಿನವೇ ನನ್ನ ಹಣೆಗೆ ಆರ್ಕೆಸ್ಟ್ರಾದ ಸ್ಟಿಕ್ಕರ್ ಅಂಟಿಸಿ, ಹಿಟ್ಟಿನ ಗಿರಣಿಯ ಮೇಲಿನ ಕೋಣೆಗೆ ಹೊತ್ತುಕೊಂಡು ಹೋದ. ಅಲ್ಲಿ ತಾಲೀಮು ನಡೆದಿತ್ತು. ರತ್ನಮಾಲಾ ಹಾಡುತ್ತಿದ್ದಳು. ಹಿಂದೆ, ಗೋಡೆಗೆ ಒರಗಿಸಿದ ಸ್ಟೂಲಿನ ಮೇಲೆ ಕುಳಿತು ಫಕೀರಪ್ಪ ಬಾರಕೇರ ಬೇಸ್ ಗಿಟಾರ್ ನುಡಿಸುತ್ತಿದ್ದ. ಅವನು ತಂತಿಯನ್ನು ನೋಡುತ್ತಿರಲಿಲ್ಲ, ರತ್ನಮಾಲಾಳ ಭುಜ ನೋಡುತ್ತಿದ್ದ. ಅವಳು ಉಸಿರೆಳೆದುಕೊಳ್ಳುವಾಗ ಭುಜ ಚೂರು ಮೇಲೇಳುತ್ತಿತ್ತು. ಅಷ್ಟು ಹೊತ್ತು ಅವನ ಬೇಸು ಕೂದಲೆಳೆಯಷ್ಟು ನಿಲ್ಲುತ್ತಿತ್ತು. ಆಮೇಲೆ ಇಬ್ಬರೂ ಒಟ್ಟಿಗೆ ಕಾಲಿಡುತ್ತಿದ್ದರು.

ಕಠಾರೆ ಕೆಂಪು ಗುಂಡಿ ಒತ್ತಿದ.

"ಕೇಳ್ರಿಲ್ಲೆ! ಡ್ರಮ್ಮೂ ಇದರಾಗ, ಬೇಸೂ ಇದರಾಗ. ಚಾ ಕೇಳೂದಿಲ್ಲ, ಬೀಡಿ ಕೇಳೂದಿಲ್ಲ, ಟೆಂಪೋದಾಗ ಕಿಡಕಿ ಸೀಟು ಕೇಳೂದಿಲ್ಲ!"

ಎಲ್ಲರೂ ನಕ್ಕರು. ಫಕೀರಪ್ಪನೂ ನಕ್ಕ. ನಕ್ಕವನು ಸ್ವಲ್ಪ ಹೊತ್ತಿಗೆ ಗಿಟಾರಿನ ವೈರು ಸುತ್ತತೊಡಗಿದ. ಯಾರೂ ಅವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

"ಅಂವ ಇಲ್ಲಂದ್ರ ನಾ ಹಾಡೂದಿಲ್ರಿ," ಎಂದಳು ರತ್ನಮಾಲಾ.

"ಬ್ಯಾಡ ಬಿಡವಾ, ಹಾಡವ್ರು ಭಾಳ ಮಂದಿ ಅದಾರ," ಎಂದ ಕಠಾರೆ.

ಮುಂದಿನ ಮದುವೆಗೆ ಅವಳು ಹಾಡಿದಳು. ಮನೆಯಲ್ಲಿ ಕೂಸಿತ್ತು, ಹಾಡಲೇಬೇಕಿತ್ತು. ಆದರೆ ವೈರು ಸುತ್ತಿಕೊಂಡು ಹೊರಟ ದಿನ ಮೆಟ್ಟಿಲ ಬಳಿ ಅವಳು ಫಕೀರಪ್ಪನಿಗೆ ಹೇಳಿದ್ದು ನನಗೆ ಕೇಳಿಸಿತು. "ಅಣ್ಣಾ, ನನ್ನ ಮಗಳ ಮದುವಿಗೆ ನೀನ ಬಾರಿಸಬೇಕು. ಈ ಡಬ್ಬಿ ಅಲ್ಲ. ಮಾತು ಕೊಡು." ಅವನು ತಲೆಯಾಡಿಸಿ ಇಳಿದು ಹೋದ.

ನನ್ನ ಬೇಸು ಎಂದೂ ತಪ್ಪುತ್ತಿರಲಿಲ್ಲ. ಅದೇ ಅದರ ರೋಗ. ರತ್ನಮಾಲಾ ಉಸಿರು ಬೇಡಿದಲ್ಲೆಲ್ಲ ನಾನು ಮುಂದೆ ಹೋಗಿಬಿಡುತ್ತಿದ್ದೆ. ಅವಳು ಓಡೋಡಿ ಬಂದು ಕೂಡಿಕೊಳ್ಳುತ್ತಿದ್ದಳು. ಹೀಗೆ ಎಷ್ಟೋ ಮಂಟಪ, ಎಷ್ಟೋ ಗಣಪತಿ ಪೆಂಡಾಲು. ಕೊನೆಗೆ ಡೀಜೆ ಬಂತು. ಲಾರಿಯ ಮೇಲೆ ಗೋಡೆಯಷ್ಟೆತ್ತರದ ಸ್ಪೀಕರು, ಒಂದು ಲ್ಯಾಪ್‌ಟಾಪು, ಕಿವಿಗೆ ಹತ್ತಿ ತುರುಕಿಕೊಂಡ ಒಬ್ಬ ಮನುಷ್ಯ. ಆರ್ಕೆಸ್ಟ್ರಾ ಮುಚ್ಚಿತು. ನನ್ನನ್ನು ತಂದವನನ್ನು ನನಗಿಂತ ದೊಡ್ಡ ಡಬ್ಬಿ ತಿಂದಿತು. ನನಗೆ ಖುಷಿಯಾಗಲಿಲ್ಲವೆಂದರೆ ಸುಳ್ಳು.

ಕಠಾರೆ ನನ್ನನ್ನು ದುರ್ಗದಬೈಲಿನ ಹಿಂದಿನ ಓಣಿಯ ಹಳೇ ವಾದ್ಯದ ಅಂಗಡಿಗೆ ಹಾಕಿದ. ಅಲ್ಲಿ ಹರಿದ ಹಾರ್ಮೋನಿಯಮ್ಮುಗಳ ನಡುವೆ ಧೂಳು ತಿನ್ನುತ್ತ ಬಿದ್ದಿದ್ದೆ. ಒಂದು ದಿನ ಫಕೀರಪ್ಪ ಬಂದ. ಕೂದಲು ಪೂರಾ ಬೆಳ್ಳಗಾಗಿತ್ತು. ಬಸ್ ನಿಲ್ದಾಣದ ಸೈಕಲ್ ಸ್ಟ್ಯಾಂಡಿನಲ್ಲಿ ಚೀಟಿ ಹರಿಯುವ ಕೆಲಸದವನ ಖಾಕಿ ಅಂಗಿ ತೊಟ್ಟಿದ್ದ.

"ಬೇಸ್ ತಂತಿ ಒತ್ತಾಕ ಆಗವಲ್ತು. ಈ ಬೆರಳು ಮಡಚೂದಿಲ್ಲ," ಎಂದು ಎಡಗೈಯ ಉಂಗುರದ ಬೆರಳು ತೋರಿಸಿದ. "ಪಿಯಾನೊ ಕಲೀಬೇಕಂತ ಮಾಡೇನಿ."

ಅಂಗಡಿಯ ದಸ್ತಗೀರ ಅವನನ್ನು ಉದ್ದನೆಯ ಕರಿ ಕೀಬೋರ್ಡಿನ ಮುಂದೆ ಕೂರಿಸಿದ. "ಕಾಕಾ, ಕಲಿಯವ್ರಿಗೆ ಇದ ಬೇಕು ನೋಡ್ರಿ. ಕೀ ತೂಕ ಅದಾವ, ಖರೇ ಪಿಯಾನೊದಂಗ."

ಫಕೀರಪ್ಪ ಒತ್ತಿದ. ನಾಲ್ಕು ಬೆರಳು ಒತ್ತಿದವು, ಆ ಒಂದು ಬೆರಳು ತೂಕದ ಕೀ ಮೇಲೆ ಸುಮ್ಮನೆ ಮಲಗಿತು. ಅವನು ಕೈ ತೆಗೆದು ಜೇಬಿಗೆ ಹಾಕಿಕೊಂಡ. ಆಮೇಲೆ ನನ್ನ ಬಳಿ ಬಂದ. ನನ್ನ ಕೀಗಳು ಹಗುರ, ಸತ್ತ ಬೆರಳೂ ಒತ್ತಬಹುದು. ರಾಗ ನುಡಿಸಿ ನೋಡಲಿಲ್ಲ ಅವನು. ಎಡತುದಿಯ ದಪ್ಪ ಸ್ವರಗಳನ್ನಷ್ಟೇ ಒಂದೊಂದಾಗಿ ಮುಟ್ಟಿದ. ಆಗ ಅರ್ಧ ಹರಿದ ಸ್ಟಿಕ್ಕರ್ ಕಣ್ಣಿಗೆ ಬಿತ್ತು. ಉಗುರಿನಿಂದ ಅದನ್ನು ಕೆರೆದ. ಕೆಂಪು ಗುಂಡಿಯನ್ನು ನೋಡಿದ.

ನನ್ನನ್ನು ಎತ್ತಿ ನೆಲಕ್ಕೆ ಅಪ್ಪಳಿಸುತ್ತಾನೆ ಅಂದುಕೊಂಡೆ. ಅವನು ಕೇಳಿದ್ದು ಒಂದೇ ಮಾತು.

"ಇದಕ್ಕ ಹೆಡ್‌ಫೋನ್ ತೂತು ಐತೇನು? ಮಂದಿಗೆ ಕೇಳಬಾರ್ದು."

ಮರುದಿನವೇ ನನ್ನನ್ನು ಹೆಗಲಿಗೆ ಹಾಕಿಕೊಂಡು ಒಂದು ಸಂಗೀತದ ಕ್ಲಾಸಿಗೆ ಹೋದ. ಒಳಗೆ ಪುಟ್ಟ ಮಕ್ಕಳು ಸಾಲಾಗಿ ಕುಳಿತಿದ್ದವು. ಕಲಿಸುವ ಹುಡುಗಿ ಎದ್ದು ಬಂದಳು. "ಬರ್ರಿ ಅಜ್ಜಾರ, ಮೊಮ್ಮಗಗ ಸೇರಸಾಕ ಬಂದೀರೇನ್ರಿ? ಎಲ್ಲಿದಾನ್ರಿ ಅಂವ?"

ಫಕೀರಪ್ಪನಿಗೆ ಮೊಮ್ಮಗನೂ ಇರಲಿಲ್ಲ, ಮಗನೂ ಇರಲಿಲ್ಲ.

"ಹೌದವಾ," ಎಂದ. "ಸುಮ್ನ ಕೇಳಾಕ ಬಂದಿದ್ನಿ. ಅಂವಗ ಇವತ್ತ ಜ್ವರ."

ಆಮೇಲೆ ಆ ರಸ್ತೆಗೇ ಹೋಗಲಿಲ್ಲ. ಮೊಬೈಲಿನ ವಿಡಿಯೊ ನೋಡಿ ಮನೆಯಲ್ಲೇ ಕಲಿತ. ಸ್ಟ್ಯಾಂಡಿನಿಂದ ಬಂದವನೇ ಕಿವಿಗೆ ಹೆಡ್‌ಫೋನ್ ಹಾಕಿ ನನ್ನ ಮುಂದೆ ಕೂರುತ್ತಿದ್ದ. ನನ್ನ ಸ್ವರವೆಲ್ಲ ಅವನ ಕಿವಿಯೊಳಗೆ ಹೋಗುತ್ತಿತ್ತು. ಹೊರಗಿನವರಿಗೆ ಕೇಳುತ್ತಿದ್ದದ್ದು ಕೀಗಳ ಟಪಟಪ ಮಾತ್ರ.

"ಏನ್ರಿ ಅದು, ದಿನಾ ಅವಲಕ್ಕಿ ಕುಟ್ಟಾಕತ್ತೀರಿ?" ಎನ್ನುತ್ತಿದ್ದಳು ಹೆಂಡತಿ ಸಾವಂತ್ರವ್ವ. "ನಮಗೂ ಒಂದೀಟು ಕೇಳಸ್ರಿ."

"ಇನ್ನೂ ಬಂದಿಲ್ಲ, ಸುಮ್ನಿರು."

ನಿಜವಾಗಿಯೂ ಬಂದಿರಲಿಲ್ಲ. ಬೇಸ್ ನುಡಿಸುವವನ ಎರಡೂ ಕೈ ಸೇರಿ ಒಂದೇ ಕೆಲಸ ಮಾಡುತ್ತವೆ. ಇಲ್ಲಿ ಒಂದೊಂದು ಕೈಗೆ ಒಂದೊಂದು ದಾರಿ. ಬಲಗೈ ಹೊರಟರೆ ಎಡಗೈ ನೋಡುತ್ತ ನಿಲ್ಲುತ್ತಿತ್ತು, ಬೇರೆಯವರ ಮದುವೆಗೆ ಬಂದವರ ಹಾಗೆ. ಆದರೂ ಬಿಡಲಿಲ್ಲ. ರತ್ನಮಾಲಾಳ ಮಗಳಿಗೆ ಗಂಡು ಗೊತ್ತಾಗಿತ್ತು. ಒಂದೇ ಹಾಡು, ಎರಡು ಕೈ, ಕೊಟ್ಟ ಮಾತು. ಕೆಂಪು ಗುಂಡಿಯ ಕಡೆ ಅವನ ಬೆರಳು ಒಮ್ಮೆಯೂ ಬರಲಿಲ್ಲ. ನನಗೆ ಅದೇ ದೊಡ್ಡ ಮರ್ಯಾದೆಯಾಗಿತ್ತು.

ಮದುವೆ ದಿನ ಅಕ್ಷತೆಯ ಅಕ್ಕಿಕಾಳು ಬಿದ್ದ ಕೂಡಲೇ ಜನ ಊಟದ ಕಡೆ ನುಗ್ಗಿದರು. ಉಳಿದವರ ಮುಂದೆ ರತ್ನಮಾಲಾ ಮೈಕ್ ಹಿಡಿದಳು. "ನಮ್ಮಣ್ಣ ಬಾರಸ್ತಾನ, ನಾ ಒಂದು ಹಾಡು ಹಾಡ್ತೀನಿ." ಮುಂದಿನ ಕುರ್ಚಿಯಲ್ಲಿ ಕಠಾರೆ ಕಾಲು ಚಾಚಿ ಕುಳಿತಿದ್ದ, ಕೂದಲಿಗೆ ಕರಿ ಬಣ್ಣ ಬಳಿದುಕೊಂಡು.

"ಏ ಪಕ್ಕೀರಾ! ಕಡೀಕೂ ನನ್ನ ಡಬ್ಬೀನ ಹೊತಗೊಂಡು ಬಂದೀಯಲ್ಲೋ!"

ಸುತ್ತಲಿನವರು ನಕ್ಕರು. ಫಕೀರಪ್ಪ ಕೀಗಳ ಮೇಲೆ ಎರಡೂ ಕೈ ಇಟ್ಟ. ಮೊದಲ ಸಾಲು ದಾಟಿತು. ಎರಡನೆಯದರಲ್ಲಿ ಬಲಗೈ ಹೋಯಿತು, ಎಡಗೈ ನಿಂತಿತು. ಮತ್ತೆ ಹಿಡಿಯಲು ಹೋದ, ಎರಡೂ ನಿಂತವು. ರತ್ನಮಾಲಾ ಬಾಯಿ ತೆರೆದು ಕಾದಳು. ಕಠಾರೆ ಗಂಟಲು ಸರಿಮಾಡಿಕೊಂಡ.

ಫಕೀರಪ್ಪನ ಬೆರಳು ಕೆಂಪು ಗುಂಡಿಯ ಕಡೆ ಬಂತು. ಕರೆಂಟಾದರೂ ಹೋಗಲಿ ಎಂದು ಬೇಡಿಕೊಂಡೆ. ದಿನಕ್ಕೆ ಹತ್ತು ಸಲ ಸಾಯುವ ಹಾಳು ಕರೆಂಟು ಅವತ್ತು ಹೋಗಲಿಲ್ಲ.

ಡ್ರಮ್ಮು ಹೊರಟಿತು, ಬೇಸು ಹೊರಟಿತು. ಅವನು ಒಂದು ಬೆರಳು ಒತ್ತುತ್ತ ಕುಳಿತ, ಉಳಿದದ್ದೆಲ್ಲ ನಾನೇ. ರತ್ನಮಾಲಾಳ ಭುಜ ಮೇಲೆದ್ದಿತು. ನಾನು ನಿಲ್ಲಲಿಲ್ಲ. ಅವಳ ಉಸಿರನ್ನು ತುಳಿದುಕೊಂಡು ಮುಂದೆ ನಡೆದೆ.

ಚಪ್ಪಾಳೆ ಬಿತ್ತು. ಕಠಾರೆ ಎದ್ದು ಬಂದು ಅವನ ಬೆನ್ನು ತಟ್ಟಿದ. "ಭಾರಿ ಆತು ಬಿಡೋ! ನಿನ್ನ ಬೇಸಿನ ಕೈ ಇನ್ನೂ ಹಂಗ ಐತಿ!" ಅವನು ಅಣಕಿಸಲಿಲ್ಲ, ಮನಸಾರೆ ಅಂದ. ಅಷ್ಟು ವರ್ಷ ಆರ್ಕೆಸ್ಟ್ರಾ ನಡೆಸಿದ ಮಹಾಶಯನಿಗೆ ಮನುಷ್ಯ ಯಾರು ಡಬ್ಬಿ ಯಾರು ತಿಳಿಯಲಿಲ್ಲ. ಇಂಥವರೇ ನಮ್ಮ ಹಣೆಬರಹ ಬರೆಯುತ್ತಾರೆ.

"ನಮ್ಮಣ್ಣನ ಕೈ ಎಲ್ಲಿ ಹೋಗ್ತೈತ್ರಿ," ಎಂದಳು ರತ್ನಮಾಲಾ. ಹೇಳುತ್ತ ಫಕೀರಪ್ಪನ ಮುಖವನ್ನೇ ನೋಡಿದಳು.

"ಹೂಂನವಾ," ಎಂದ ಅವನು.

ಅಷ್ಟೇ. ನನ್ನ ಬೇಸು ಒಮ್ಮೆ ಅವನ ಕೆಲಸ ಕಸಿದಿತ್ತು. ಈಗ ಅದೇ ಬೇಸನ್ನು ಅವನು ತನ್ನದೆಂದು ತನ್ನ ಬಾಯಿಂದಲೇ ಒಪ್ಪಿಕೊಂಡ.

ಮನೆಗೆ ಬಂದು ಅಂಗಿಯನ್ನೂ ಕಳಚದೆ ಸ್ಕ್ರೂಡ್ರೈವರ್ ತೆಗೆದುಕೊಂಡ. ಕೆಂಪು ಗುಂಡಿಯನ್ನು ಮೀಟಿ ಕಿತ್ತ. ಆ ತೂತಿಗೆ ಎಂ-ಸೀಲ್ ಅಂಟು ಕಲೆಸಿ ತುಂಬಿದ. ಸಾವಂತ್ರವ್ವ ಬಾಗಿಲಲ್ಲಿ ನಿಂತು ನೋಡಿದಳು.

ಕೆಲವು ದಿನ ಕಳೆದು ರತ್ನಮಾಲಾ ಮದುವೆಯ ಬುಂದಿ ಉಂಡಿ ಕಟ್ಟಿಕೊಂಡು ಬಂದಳು. ಚಹಾ ಕುಡಿಯುತ್ತ ನನ್ನ ಕಡೆ ನೋಡಿದಳು.

"ಇದೇನಣ್ಣಾ, ಹಲ್ಲು ಕಿತ್ತಂಗ ಆಗೈತಿ?"

ಫಕೀರಪ್ಪ ನೆಲ ನೋಡಿದ. "ಮದುವ್ಯಾಗ ಬಾರಿಸಿದ್ದು ನಾ ಅಲ್ಲ ತಂಗಿ."

"ಗೊತ್ತು."

ಅವನು ತಲೆ ಎತ್ತಿದ.

"ನಾ ಉಸರು ತಗೊಳ್ಳೂವಾಗ ನೀ ಯಾವತ್ತೂ ನಿಂತೀಯಪ್ಪಾ. ಅದು ನಿಲ್ಲಲಿಲ್ಲ. ಆ ಡಬ್ಬಿ ಜೋಡಿ ಎಷ್ಟ ವರ್ಷ ಏಗೀನಿ, ಗೊತ್ತಾಗೂದಿಲ್ಲೇನು? ಕಠಾರೆ ಮುಂದ ನಿನ್ನ ಮಾನ ಕಾಯಾಕ ಹಂಗಂದ್ನಿ. ಆಮ್ಯಾಲರ ನನಗೊಬ್ಬಾಕಿಗೆ ಹೇಳ್ತಿ ಅಂತ ಕಾದ್ನಿ. ಊಟಕ್ಕ ಬಡಿಸೂವಾಗ ಕಾದ್ನಿ, ಎಲಿ ಅಡಿಕಿ ಕೊಡೂವಾಗ ಕಾದ್ನಿ. ನೀ ಮಾರಿ ತಪ್ಪಿಸಿಕೊಂಡು ಹೋದಿ."

 

"ಈಗ ಬಾರಿಸು," ಎಂದಳು ಅವಳು, ಲೋಟ ಕೆಳಗಿಟ್ಟು.

ರೂಢಿಯಂತೆ ಅವನ ಕೈ ಹೆಡ್‌ಫೋನಿಗೆ ಹೋಯಿತು. ಸಾವಂತ್ರವ್ವ ಅದನ್ನು ಕಿತ್ತುಕೊಂಡಳು. "ಅವಲಕ್ಕಿ ಕುಟ್ಟೂದು ಕೇಳಿ ಸಾಕಾಗೈತಿ. ಹಾಡು ಕೇಳೂಣು."

ಅವನು ನುಡಿಸಿದ, ರತ್ನಮಾಲಾ ಹಾಡಿದಳು. ಅವನು ಎರಡು ಕಡೆ ಎಡವಿದ, ಮೂರನೆಯ ಕಡೆ ಪೂರಾ ನಿಂತ. ಅವಳು ಅವಸರ ಮಾಡಲಿಲ್ಲ, ಅವನು ಬರುವವರೆಗೂ ಸ್ವರ ಹಿಡಿದು ನಿಂತಳು. ಆಮೇಲೆ ಅವಳ ಭುಜ ಮೇಲೆದ್ದಿತು. ಮಡಚದ ಆ ಬೆರಳೂ ಸೇರಿ ಹತ್ತೂ ಬೆರಳು ತಡೆದವು. ನಾನೂ ತಡೆದೆ. ಅಂಥ ಮೌನ ನನ್ನ ಹಸಿರು ಹಲಗೆಯಲ್ಲಿ ಎಲ್ಲಿಯೂ ಇರಲಿಲ್ಲ. ಕಾರ್ಖಾನೆಯವರು ಅದನ್ನು ತುಂಬಿರಲಿಲ್ಲ.

ಈಗ ನಾನು ಮುದಿಯಾಗಿದ್ದೇನೆ. ಕೆಲವು ಕೀ ಎದ್ದು ಬರುವುದಿಲ್ಲ, ಒಂದು ಸ್ಪೀಕರ್ ಕೆಮ್ಮುತ್ತದೆ. ಹಗಲೆಲ್ಲ ಮೂಲೆಯಲ್ಲಿ ಸಾವಂತ್ರವ್ವನ ಹಳೆಯ ಕೌದಿ ಹೊದ್ದು ಮಲಗಿರುತ್ತೇನೆ. ಸಂಜೆ ಫಕೀರಪ್ಪ ಕೌದಿ ಸರಿಸುತ್ತಾನೆ, ಕಿಟಕಿ ತೆರೆದಿಟ್ಟೇ ಎಡವುತ್ತಾನೆ.

ಆದರೆ ಆ ಮದುವೆಯ ವಿಡಿಯೊ ಒಂದಿದೆ. ಅದನ್ನು ಅಳಿಸಲು ಅವನ ಸ್ಕ್ರೂಡ್ರೈವರಿಗೆ ಆಗುವುದಿಲ್ಲ. ಓಣಿಯವರು ಮೊಬೈಲಿನಲ್ಲಿ ನೋಡಿಕೊಂಡು ಬರುತ್ತಾರೆ. "ಏನ್ ಬಾರಿಸೀರಿ ಕಾಕಾ! ಆ ಬೇಸು, ಆಹಾ!" ಎನ್ನುತ್ತಾರೆ.

"ಅದು ನಾ ಅಲ್ರಿ," ಎನ್ನುತ್ತಾನೆ ಅವನು, ಪ್ರತಿ ಸಲ, ಗಟ್ಟಿಯಾಗಿ. "ಅದು ಡಬ್ಬಿ."

"ಎಷ್ಟು ದೊಡ್ಡ ಗುಣ ನೋಡ್ರಿ, ಒಂದೀಟೂ ಸೊಕ್ಕಿಲ್ಲ," ಎಂದು ಅವರು ತಮ್ಮತಮ್ಮಲ್ಲೇ ಮೆಚ್ಚಿಕೊಳ್ಳುತ್ತ ಹೋಗುತ್ತಾರೆ.

ಅವನು ತಲೆ ತಗ್ಗಿಸುತ್ತಾನೆ. ಕೌದಿಯ ಕೆಳಗೆ ನಾನೂ.