ಬೇರೆಯವರ ನೆಂಟರು

ಚಂಡೀಗಢದಲ್ಲಿ ಮನೆ ಮಾಡಿದವರಿಗೆ ಭಾನುವಾರ ಎಂಬುದು ಇರುವುದಿಲ್ಲ, ನೆಂಟರು ಇರುತ್ತಾರೆ. ಸಂಗ್ರೂರಿನಿಂದ, ಮಾನ್ಸಾದಿಂದ, ಅತ್ತ ಅಬೋಹರದಿಂದ ಬಸ್ಸು ಹತ್ತಿ ಬರುತ್ತಾರೆ. ಒಬ್ಬರಿಗೆ ಕಣ್ಣಿನ ಡಾಕ್ಟರಿಗೆ ತೋರಿಸಬೇಕು, ಇನ್ನೊಬ್ಬರಿಗೆ ವೀಸಾದವರನ್ನು ಕಾಣಬೇಕು. ಕೆಲಸ ಮುಗಿದ ಮೇಲೆ ಬಂದದ್ದು ಬಂದಾಗಿದೆ, ಊರನ್ನೂ ನೋಡಿಬಿಡೋಣ ಎನ್ನುತ್ತಾರೆ. ಆಮೇಲೆ ರಾಕ್ ಗಾರ್ಡನ್, ಸುಖ್ನಾ ಕೆರೆ, ಗುಲಾಬಿ ತೋಟ, ಮನಸಾದೇವಿ ಗುಡಿ, ಹೊತ್ತು ಉಳಿದರೆ ಪಿಂಜೋರ್. ಒಡೆದ ಬಳೆಗಳಿಂದ ಮಾಡಿದ ರಾಕ್ ಗಾರ್ಡನ್ನಿನ ಹೆಣ್ಣುಗೊಂಬೆಗಳಲ್ಲಿ ಯಾವುದು ನನ್ನ ಯಾವ ನಾದಿನಿಯ ಹಾಗಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಈಗೀಗ ನಾನು ಒಳಗೆ ಹೋಗುವುದಿಲ್ಲ. ನೆಂಟರನ್ನು ಬಾಗಿಲಲ್ಲಿ ಇಳಿಸಿ, ಕಾರನ್ನು ನೆರಳಿಗೆ ಹಾಕಿ, ಸೀಟು ಒರಗಿಸಿಕೊಂಡು ಮಲಗಿಬಿಡುತ್ತೇನೆ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ನರ್ಸಿಗೆ ಈ ಊರಿನಲ್ಲಿ ಅದಕ್ಕಿಂತ ಚೆಂದದ ಜಾಗ ಇನ್ನೊಂದಿಲ್ಲ.

ಆ ಭಾನುವಾರ ಬಂದಿದ್ದವರು ನನ್ನ ಗಂಡನ ಸೋದರತ್ತೆ ಬೂಆಜಿ ಮತ್ತು ಅವರ ಯಜಮಾನರು ಸರದಾರ್ ಬಚಿತ್ತರ್ ಸಿಂಗ್. ಸೋದರತ್ತೆಯ ಗಂಡನಿಗೆ ನಮ್ಮಲ್ಲಿ ಫುಫ್ಫಡ್ ಎನ್ನುತ್ತಾರೆ. ಪಂಜಾಬಿನಲ್ಲಿ ಫುಫ್ಫಡ್ ಮುನಿಸಿಕೊಳ್ಳದ ಮದುವೆ ಮದುವೆಯೇ ಅಲ್ಲ. ನಮ್ಮ ಫುಫ್ಫಡ್‌ಜಿಯಂತೂ ನನ್ನ ಮೈದುನನ ಮದುವೆಯಲ್ಲಿ ಹಾರ ತನಗೆ ಮೂರನೆಯ ಸರದಿಯಲ್ಲಿ ಬಿತ್ತೆಂದು ಊಟ ಬಿಟ್ಟು, ಟ್ರ್ಯಾಕ್ಟರಿನ ಟ್ರಾಲಿ ಹತ್ತಿ ಸಂಜೆಯವರೆಗೆ ಕೂತಿದ್ದವರು. ಕೊನೆಗೆ ಮದುಮಗನೇ ಹೋಗಿ ಕಾಲು ಹಿಡಿಯಬೇಕಾಯಿತು.

ಅದೇ ಸಂಜೆ ನನ್ನ ಮಗಳು ಅಸೀಸಳ ಸ್ಕೇಟಿಂಗ್ ಪಂದ್ಯ. ಹಿಂದಿನ ಎರಡೂ ಪಂದ್ಯಗಳು ನನಗೆ ತಪ್ಪಿದ್ದವು. ಒಂದು ಸಲ ಅಬೋಹರದವರು, ಇನ್ನೊಂದು ಸಲ ಪಟಿಯಾಲಾದವರು ಬಂದಿದ್ದರು. ಎರಡು ಸಲವೂ ನಾನು ಮೊಬೈಲಿನಲ್ಲಿ ಯಾರೋ ತೆಗೆದ ಚಿತ್ರ ನೋಡಿ "ಎಷ್ಟು ಚೆನ್ನಾಗಿ ಓಡಿದ್ಯೇ" ಅಂದಿದ್ದೆ. ಎರಡನೆಯ ಸಲ ಅವಳು, "ಅದು ನಾನಲ್ಲ ಮಮ್ಮಾ, ನೀಲಿ ಹೆಲ್ಮೆಟ್ಟು ಗುರ್ಸೀರತ್‌ದು," ಎಂದು ಹೇಳಿ ತಟ್ಟೆ ತೊಳೆಯಲು ಹೋದಳು. ಅತ್ತಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಗಂಡ ಗುರ್‌ತೇಜ್ ಬಸ್ ಡ್ರೈವರು, ಅವತ್ತು ಬಸ್ಸು ತೆಗೆದುಕೊಂಡು ಮನಾಲಿಗೆ ಹೋಗಿದ್ದ. ಫೋನಿನಲ್ಲಿ ಹೇಳಿದೆ.

"ಸಂಜೆ ಪಂದ್ಯ ಇದೆ ಅಂತ ಫುಫ್ಫಡ್‌ಜಿಗೆ ಹೇಳಿಬಿಡ್ಲಾ?"

"ಬೇಡ ಮಾರಾಯ್ತಿ. ನಮ್ಮನ್ನ ಓಡಿಸೋಕೆ ನೆಪ ಹುಡುಕ್ತಿದ್ದಾಳೆ ಅಂತಾರೆ. ಆಮೇಲೆ ನನ್ನ ತಂಗಿ ಮದುವೆಗೆ ಟ್ರಾಲಿ ಸಾಲಲ್ಲ, ಲಾರಿ ತರಿಸ್ಬೇಕಾಗತ್ತೆ."

ಹಾಗಾಗಿ ಹೇಳಲಿಲ್ಲ. ಅಸೀಸ್ ನೆರೆಮನೆಯವರ ವ್ಯಾನಿನಲ್ಲಿ ಮೊದಲೇ ಹೊರಟಳು. ಬಾಗಿಲಲ್ಲಿ ನಿಂತು, "ಬರ್ತೀಯಾ?" ಎಂದು ಕೇಳಲೂ ಇಲ್ಲ. ನಾನೇ "ಬಂದೇ ಬರ್ತೀನಿ" ಅಂದೆ. "ಸರಿ," ಅಂದಳು.

ಫುಫ್ಫಡ್‌ಜಿ ಬಿಳಿ ಪೇಟ ಸುತ್ತಿ ಮುಗಿಸುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಕಾರಿನಲ್ಲಿ ಕೂತಾಗಿನಿಂದ ಶುರು.

"ಇದೇನು ಊರು ಪುತ್ತರ್, ಎಲ್ಲಾ ಸರ್ಕಲ್ಲೂ ಒಂದೇ ಥರ. ಕಳ್ಳನಿಗೂ ದಾರಿ ತಪ್ಪತ್ತೆ."

"ಹೂವು ಬೇರೆ ಬೇರೆ ಇದೆ ಫುಫ್ಫಡ್‌ಜಿ."

"ಹೂವು ನೋಡ್ಕೊಂಡು ಮನೆ ಹುಡುಕೋಕೆ ನಾನೇನು ಜೇನುಹುಳನಾ? ಉಗುಳೋಣ ಅಂದ್ರೆ ಒಂದು ಕೊಳೆ ಜಾಗ ಇಲ್ಲ. ಮನುಷ್ಯರು ಇರೋ ಊರಾ ಇದು?"

"ನುಂಗಿ," ಎಂದರು ಬೂಆಜಿ. ಅವರು ಹೆಚ್ಚು ಮಾತಾಡುವವರಲ್ಲ.

ರಾಕ್ ಗಾರ್ಡನ್ನಿನ ಬಾಗಿಲಲ್ಲಿ ಇಬ್ಬರನ್ನೂ ಇಳಿಸಿದೆ. ಬೂಆಜಿ ತಮ್ಮ ಚೀಲವನ್ನು ಮುಂದಿನ ಸೀಟಿನಲ್ಲೇ ಬಿಟ್ಟರು. ಅವರು ಹೊರಬಂದ ಕೂಡಲೇ ಚಹಾದ ನೆಪ ಹೇಳಿ ಮನೆಗೆ ಕರೆದೊಯ್ಯುವುದು, ಪಕೋಡ ಮುಂದಿಟ್ಟು, "ಈಗ ಬಂದೆ" ಎಂದು ಜಾರಿಕೊಳ್ಳುವುದು ಎಂದು ಲೆಕ್ಕ ಹಾಕಿದೆ. ಲೆಕ್ಕ ಮುಗಿಯುವ ಮೊದಲೇ ನಿದ್ದೆ ಬಂತು.

ಹಿಂದಿನ ಬಾಗಿಲು ಧಡ್ ಎಂದು ಮುಚ್ಚಿದ ಸದ್ದಿಗೆ ಎಚ್ಚರವಾಯಿತು. ಕನ್ನಡಿಯಲ್ಲಿ ಬಿಳಿ ಪೇಟದ ಮೇಲ್ತುದಿ, ಪಕ್ಕದಲ್ಲಿ ಕೆನೆಬಣ್ಣದ ದುಪಟ್ಟಾ ಕಂಡವು. ಕಣ್ಣುಜ್ಜಿಕೊಂಡು ಕಾರು ಎಬ್ಬಿಸಿದೆ.

"ಈಗ ಪಿಂಜೋರಿಗೆ ಬಿಡು ಪುತ್ತರ್," ಎಂದಿತು ಹಿಂದಿನ ದನಿ. "ಕಾರಂಜಿ ನೋಡಿಬಿಟ್ರೆ ಬಂದಿದ್ದೂ ಸಾರ್ಥಕ."

ಪಿಂಜೋರ್ ಎಂದರೆ ಊರಾಚೆ, ಪಂದ್ಯ ಇರುವ ಮೈದಾನಕ್ಕೆ ಪೂರಾ ಬೆನ್ನು ಹಾಕಿ ಹೋಗಬೇಕು. ಇಲ್ಲ ಎನ್ನಲು ಬಾಯಿ ತೆರೆದೆ. ಲಾರಿ ನೆನಪಾಯಿತು, ಬಾಯಿ ಮುಚ್ಚಿಕೊಂಡೆ. ಸ್ಟಿಯರಿಂಗ್ ತಿರುಗಿಸುವಾಗ ಕಣ್ಣು ಮಂಜಾಗಿತ್ತು. "ಸರಿ" ಅಂದಿದ್ದ ಮಗಳ ದನಿಯೇ ಕಿವಿಯಲ್ಲಿತ್ತು.

"ಏನ್ ಚೆಂದ ಮಾಡಿದ್ದಾರೆ ಅಂತೀನಿ," ಹಿಂದಿನಿಂದ ಮಾತು ಮುಂದುವರಿಯಿತು. "ಒಡೆದ ಬಸಿ, ಮುರಿದ ಬಳೆ, ಹಳೇ ಸಿಂಕು. ನಮ್ಮನೇಲಿ ಒಡೆದಿದ್ದೆಲ್ಲಾ ತಿಪ್ಪೆಗೆ ಹೋಯ್ತು. ಮೊದಲೇ ಗೊತ್ತಿದ್ರೆ ಒಂದು ಮೂಟೆ ತರ್ತಿದ್ವಿ."

ಫುಫ್ಫಡ್‌ಜಿ ಏನನ್ನಾದರೂ ಹೊಗಳಿದ್ದನ್ನು ನಮ್ಮ ಮನೆತನದಲ್ಲಿ ಯಾರೂ ಕೇಳಿರಲಿಲ್ಲ. ರಾಕ್ ಗಾರ್ಡನ್ನಿನ ಬಾಗಿಲುಗಳು ಬಹಳ ತಗ್ಗು, ಎಂಥವರೂ ಬಗ್ಗಿಯೇ ನುಗ್ಗಬೇಕು. ಅಷ್ಟು ಸಲ ತಲೆ ಬಗ್ಗಿಸಿ ಮನುಷ್ಯ ಸ್ವಲ್ಪ ಮೆತ್ತಗಾಗಿರಬೇಕು ಎಂದುಕೊಂಡೆ. ದನಿಯೂ ಬದಲಾಗಿದೆಯಲ್ಲ ಎನಿಸಿತು. ಗಾರ್ಡನ್ನಿನ ಜಲಪಾತದ ತಂಪಿಗೆ ಗಂಟಲು ಕಟ್ಟಿರಬಹುದು. ರಾತ್ರಿಯಿಡೀ ನಿದ್ದೆಗೆಟ್ಟವಳಿಗೆ ಎಲ್ಲದಕ್ಕೂ ಒಂದು ಕಾರಣ ಹೊಳೆಯುತ್ತದೆ.

ಪಂಚಕುಲಾ ದಾಟಿತು. ಬಿಸಿಲು ಹಿತವಾಗಿತ್ತು, ಮುಂದೆ ಬೆಟ್ಟಗಳ ನೀಲಿ ಗೆರೆ ಕಾಣುತ್ತಿತ್ತು.

"ಚೆನ್ನಾಗಿ ಓಡಿಸ್ತಾಳೆ," ಎಂದಿತು ಹೆಂಗಸಿನ ದನಿ. "ಆದ್ರೆ ಮದುವೆ ದಿನ ನೋಡಿದಾಗ ಇವಳು ಇಷ್ಟು ಕಪ್ಪಿರ್ಲಿಲ್ಲ."

"ಸುಮ್ನಿರೇ. ಆವತ್ತು ಸುಣ್ಣ ಹೊಡೆದಂಗೆ ಬಳಿದಿದ್ರು."

"ಅದಕ್ಕಲ್ಲ. ಹೋದ ತಿಂಗಳು ತಾನೇ ಮದುವೆ ಆಗಿದ್ದು? ಇಷ್ಟು ಬೇಗ ಸೊರಗೋದಾ? ಯಾಕೆ ಪುತ್ತರ್, ಹ್ಯಾಪಿ ನಿದ್ದೆ ಮಾಡೋಕೆ ಬಿಡಲ್ವಾ?"

ನನಗೆ ಮದುವೆಯಾಗಿ ಹನ್ನೆರಡು ವರ್ಷ ದಾಟಿದೆ. ಹ್ಯಾಪಿ ಎಂಬವನು ನನ್ನ ಬಾಳಿನಲ್ಲಿ ಇಲ್ಲ.

ಕಾರನ್ನು ರಸ್ತೆ ಬದಿಗೆ ತಂದು ನಿಲ್ಲಿಸಿ ಹಿಂದಕ್ಕೆ ತಿರುಗಿದೆ. ಅದೇ ಥರದ ಪೇಟ, ಅದೇ ಥರದ ಗಡ್ಡ. ಮುಖ ಮಾತ್ರ ಬೇರೆ. ಅದು ನಗುತ್ತಿತ್ತು.

"ನೀವ್ಯಾರು?" ಎಂದೆ.

"ಅಜೈಬ್ ಸಿಂಗ್. ಮುಕ್ತಸರದ ಕಡೆಯೋನು, ಹ್ಯಾಪಿ ಸೋದರಮಾವ," ಎಂದರು ಅವರು. "ನೀನು ಹ್ಯಾಪಿ ಹೆಂಡ್ತಿ ಪ್ರಭಲೀನ್ ಅಲ್ವಾ? ಬಿಳಿ ಕಾರು ತಗೊಂಡು ಬಾಗಿಲಲ್ಲಿರ್ತಾಳೆ ಅಂದಿದ್ದ."

"ನಾನು ಮನ್‌ಜೋತ್. ಬಿಳಿ ಕಾರು ಈ ಊರಲ್ಲಿ ಎಲ್ಲಾರ ಹತ್ರಾನೂ ಇದೆ ಬಾವೂಜಿ."

ಮುದುಕಿ ಗಂಡನ ಕಡೆ ತಿರುಗಿದಳು. "ನಾನು ಹೇಳ್ಲಿಲ್ವಾ, ಇಷ್ಟು ಕಪ್ಪಿರ್ಲಿಲ್ಲ ಅಂತ."

ಬೂಆಜಿಗೆ ಫೋನು ಮಾಡಿದೆ. ಅವರ ಫೋನು ನನ್ನ ಪಕ್ಕದ ಸೀಟಿನ ಚೀಲದಲ್ಲೇ ಗುರುಬಾಣಿಯ ಕೀರ್ತನೆ ಹಾಡತೊಡಗಿತು. ಫುಫ್ಫಡ್‌ಜಿ ಫೋನು ಇಟ್ಟುಕೊಳ್ಳುವುದಿಲ್ಲ. ಫೋನಿದ್ದವನಿಗೆ ಯಾರು ಬೇಕಾದರೂ ಅಪ್ಪಣೆ ಕೊಡಬಹುದು ಎನ್ನುವುದು ಅವರ ವಾದ. ನಾನು ಸ್ಟಿಯರಿಂಗಿನ ಮೇಲೆ ಹಣೆ ಇಟ್ಟೆ. ಅಲ್ಲಿಯೇ, ಆ ಅಪರಿಚಿತರ ಮುಂದೆ, ಎಲ್ಲವನ್ನೂ ಹೇಳಿಬಿಟ್ಟೆ. ಪಂದ್ಯ, ಮಗಳು, ನೀಲಿ ಹೆಲ್ಮೆಟ್ಟು, ಟ್ರಾಲಿ, ಎಲ್ಲ.

"ಪಿಂಜೋರ್ ಎಲ್ಲಿಗೂ ಓಡಿಹೋಗಲ್ಲ," ಎಂದರು ಅಜೈಬ್ ಸಿಂಗ್. "ಕಾರು ತಿರುಗ್ಸು."

ತಿರುಗಿಸಲು ಮುಂದಿನ ತಿರುವಿನವರೆಗೆ ಹೋಗಲೇಬೇಕು. ಇಲ್ಲಿ ಅಡ್ಡಾದಿಡ್ಡಿ ತಿರುಗಿಸಿದರೆ ಎಲ್ಲಿಂದಲೋ ಪೊಲೀಸಿನವನು ಹುಟ್ಟಿಕೊಳ್ಳುತ್ತಾನೆ. ಅಷ್ಟರಲ್ಲಿ ಮುದುಕಿ ಹ್ಯಾಪಿಗೆ ಫೋನು ಮಾಡಿ ಬೈದು, ಅವನಿಂದ ಹೆಂಡತಿಯ ನಂಬರು ಪಡೆದಳು. ಪ್ರಭಲೀನ್ ರಾಕ್ ಗಾರ್ಡನ್ನಿನ ಬಾಗಿಲಲ್ಲೇ ನಿಂತು ಅಳುತ್ತಿದ್ದಳು. ಮದುವೆಯಾಗಿ ತಿಂಗಳಲ್ಲೇ ಗಂಡನ ಸೋದರಮಾವನನ್ನು ಕಳೆದವಳೆಂಬ ಹೆಸರು ಯಾರಿಗೆ ಬೇಕು? ಅಳು ನಿಂತ ಮೇಲೆ ನಾನು ಫೋನು ತೆಗೆದುಕೊಂಡೆ.

"ಅಲ್ಲೊಬ್ರು ಬಿಳಿ ಪೇಟದೋರು ಇದ್ದಾರಾ, ಸಿಟ್ಟಾಗಿರೋರು?"

"ಇದ್ರು ದೀದಿ. ನನ್ನನ್ನೂ ಬೈದ್ರು, ಗೇಟ್‌ನೋರನ್ನೂ ಬೈದ್ರು. ಜೊತೇಲಿ ಒಬ್ರು ಆಂಟಿ ಇದ್ರು. ಅವರೇ ಆಟೋ ನಿಲ್ಸಿ ಹತ್ತಿಸ್ಕೊಂಡ್ ಹೋದ್ರು."

"ಎಲ್ಲಿಗೆ ಅಂತ ಕೇಳಿಸ್ತಾ?"

"ಗಾಲಿ ಕಟ್ಕೊಂಡು ಮಕ್ಕಳು ಓಡೋ ಮೈದಾನಕ್ಕೆ ಅಂದ್ರು. ಆಟೋದೋನಿಗೆ ಅರ್ಥ ಆಗ್ಲಿಲ್ಲ. ಆಂಟಿ ಕಾಲಲ್ಲೇ ಮಾಡಿ ತೋರಿಸಿದ್ರು."

ಬೂಆಜಿಗೆ ಅದು ಹೇಗೆ ಗೊತ್ತು ಎಂದು ಯೋಚಿಸುವಷ್ಟು ವ್ಯವಧಾನ ಇರಲಿಲ್ಲ. ಪಂದ್ಯದ ಹೊತ್ತು ಆಗಲೇ ಮೀರಿತ್ತು. ಒಂದೊಂದು ಸರ್ಕಲ್ಲಿನಲ್ಲೂ ಹೂಗಳು ನನ್ನನ್ನೇ ಅಣಕಿಸುವಂತೆ ಅರಳಿ ನಿಂತಿದ್ದವು. ಹಿಂದೆ ಅಜೈಬ್ ಸಿಂಗರು, "ಎಡಕ್ಕೆ ಖಾಲಿ ಇದೆ, ಬಲಕ್ಕೆ ಸ್ಕೂಟರು," ಎಂದು ಕೂಗುತ್ತಾ ಬಂದರು.

"ಮುಗಿದುಹೋಗಿರತ್ತೆ," ಅಂದೆ.

"ಮುಗಿದಿದ್ರೂ ಹೋಗು," ಎಂದಳು ಮುದುಕಿ. "ನಮ್ಮಮ್ಮ ಗಾಡಿ ಹೊರಟುಹೋದ ಮೇಲೂ ಸ್ಟೇಷನ್ನಿಗೆ ಬಂದಿದ್ಲಂತೆ. ಅದನ್ನೇ ಇವತ್ತಿನವರೆಗೂ ಹೇಳ್ಕೊಂಡ್ ಬರ್ತಿದ್ದೀನಿ."

ಮೈದಾನದ ಹೊರಗೆ ಕಾರು ಬಿಟ್ಟು ಓಡಿದೆ. ಒಳಗೆ ಚಪ್ಪಾಳೆಯಿಲ್ಲ, ಸೀಟಿಯ ಸದ್ದಿಲ್ಲ. ಎಲ್ಲ ಮುಗಿದು ಜನ ಮನೆಗೆ ಹೋಗಿದ್ದಾರೆ ಎಂದುಕೊಂಡು ಮೆಟ್ಟಿಲು ಹತ್ತಿ ನೋಡಿದರೆ, ಜನ ತುಂಬಿದ್ದಾರೆ. ಮಕ್ಕಳು ಹೆಲ್ಮೆಟ್ಟು ತೊಟ್ಟು ಗೆರೆಯ ಹಿಂದೆ ಸಾಲಾಗಿ ನಿಂತಿದ್ದಾರೆ. ಅವರ ಮುಂದೆ, ಓಟದ ಹಾದಿಯ ನಟ್ಟನಡುವೆ, ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕೋಲನ್ನು ಮೊಣಕಾಲ ಮೇಲೆ ಅಡ್ಡ ಇಟ್ಟು, ಫುಫ್ಫಡ್‌ಜಿ ಕೂತಿದ್ದರು.

ಸುತ್ತ ನಾಲ್ಕು ಜನ ಬಗ್ಗಿ ನಿಂತಿದ್ದರು. ಒಬ್ಬನ ಕೈಯಲ್ಲಿ ಚಹಾ, ಇನ್ನೊಬ್ಬನ ಕೈಯಲ್ಲಿ ಸಮೋಸದ ತಟ್ಟೆ.

"ಅಂಕಲ್‌ಜಿ, ಚಹಾನಾದ್ರೂ ತಗೊಳ್ಳಿ."

"ಮುಟ್ಟಲ್ಲ."

"ಮುಂದಿನ ಸಾಲಲ್ಲಿ ಜಾಗ ಮಾಡಿದ್ದೀವಿ, ಸೋಫಾ ಹಾಕಿದ್ದೀವಿ."

"ಈಗ ಹಾಕಿದ್ರಾ? ಕೇಳಿದ ಮೇಲೆ ಹಾಕೋ ಸೋಫಾ ನಿಮ್ಮನೇಲೇ ಇಟ್ಕೊಳ್ಳಿ. ನಾನು ಹುಡುಗಿಗೆ ಅಜ್ಜ ಆಗ್ಬೇಕು. ಬಾಗಿಲಲ್ಲಿ ಒಬ್ಬ ಬನ್ನಿ ಅನ್ಲಿಲ್ಲ."

ಕೋಚು ಬೆವರು ಒರೆಸಿಕೊಂಡ. ಅವನೂ ಪಂಜಾಬಿನವನೇ. ಅವನ ಮನೆಯಲ್ಲೂ ಒಬ್ಬ ಫುಫ್ಫಡ್ ಇದ್ದೇ ಇರಬೇಕು. ಎಬ್ಬಿಸಲು ಮುಟ್ಟಬಾರದು ಎಂಬುದು ಅವನಿಗೆ ಗೊತ್ತಿದ್ದಂತೆ ಕಂಡಿತು.

ಬೂಆಜಿ ಮೆಟ್ಟಿಲ ಮೇಲೆ ಶೇಂಗಾ ಸುಲಿಯುತ್ತಾ ತಣ್ಣಗೆ ಕೂತಿದ್ದರು. ನನ್ನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಕೊಟ್ಟರು.

"ಬೂಆಜಿ, ಏನಾಯ್ತು ಇವರಿಗೆ?"

"ಏನಿಲ್ಲ. ಹುಡುಗರು ಸೀಟಿ ಊದೋಕೆ ಹೊರಟಿದ್ರು, ನೀನಿನ್ನೂ ಬಂದಿರ್ಲಿಲ್ಲ. 'ನಿಮ್ಮನ್ನ ಯಾರೂ ಮುಂದೆ ಕರೀಲೇ ಇಲ್ವಲ್ಲ' ಅಂದೆ. ಅಷ್ಟೇ ಅಂದಿದ್ದು."

ನಾನು ಅವರನ್ನೇ ನೋಡಿದೆ. ಅವರು ಒಂದು ಶೇಂಗಾ ಬಾಯಿಗೆ ಹಾಕಿಕೊಂಡರು.

"ಬೆಳಿಗ್ಗೆ ಜಡೆ ಹಾಕುವಾಗ ಕೂಸು ಎಲ್ಲಾ ಹೇಳ್ತು. ನೀನೇ ಹೇಳಿದ್ರೆ ಏನಾಗ್ತಿತ್ತು? ಇವರನ್ನ ಕೂರಿಸೋದೂ ಏಳಿಸೋದೂ ನನಗೆ ಬಿಡಬಾರ್ದಾ? ಇಷ್ಟು ವರ್ಷ ಇನ್ನೇನು ಕೆಲಸ ಮಾಡಿದೀನಿ ನಾನು?" ಆಮೇಲೆ ದನಿ ಎತ್ತದೆ ಗಂಡನನ್ನು ಕರೆದರು. "ರೀ, ಸೊಸೆ ಬಂದಿದ್ದಾಳೆ. ನಿಮ್ಮನ್ನ ಕೈಹಿಡಿದು ಕರ್ಕೊಂಡ್ ಹೋಗ್ಬೇಕಂತೆ."

ನಾನು ಇಳಿದು ಹೋಗಿ ಕಾಲು ಮುಟ್ಟಿದೆ. "ತಪ್ಪಾಯ್ತು ಫುಫ್ಫಡ್‌ಜಿ."

"ನಮ್ಮನ್ನ ಕಲ್ಲುಗೊಂಬೆಗಳ ಜೊತೆ ಬಿಟ್ಟು ಎಲ್ಲಿಗೆ ಹೋಗಿದ್ದೆ?"

"ಬೇರೆಯವರ ನೆಂಟರನ್ನ ಪಿಂಜೋರಿಗೆ ಕರ್ಕೊಂಡ್ ಹೋಗ್ತಿದ್ದೆ."

ಅವರಿಗೆ ಅದು ಅರ್ಥವಾಗಲಿಲ್ಲ. ಆದರೆ ಆಗಲೇ ಅಜೈಬ್ ಸಿಂಗರು ಏದುಸಿರು ಬಿಡುತ್ತಾ ಬಂದು, ಎರಡೂ ಕೈ ಜೋಡಿಸಿ, "ಸತ್ ಶ್ರೀ ಅಕಾಲ್ ಸರದಾರ್‌ಜಿ, ಈ ಜಾಗಕ್ಕೇ ನಿಮ್ಮಿಂದ ಒಂದು ಗತ್ತು ಬಂದಿದೆ," ಎಂದರು. ಫುಫ್ಫಡ್‌ಜಿ ಮೀಸೆ ತೀಡಿಕೊಂಡು ಎದ್ದರು. ಕುರ್ಚಿಯನ್ನು ಕೋಚೇ ಎತ್ತಿಕೊಂಡು ಓಡಿದ. ಇಬ್ಬರು ಮುದುಕರೂ ಸೋಫಾದಲ್ಲಿ ಕೂತು ಸಮೋಸ ಮುಗಿಸಿದರು.

ಸೀಟಿ ಊದಿದರು. ಅಸೀಸ್ ಶುರುವಿನಲ್ಲೇ ಹಿಂದೆ ಬಿದ್ದಳು. ಆಮೇಲೆ ಇಬ್ಬರನ್ನು ದಾಟಿದಳು. ಕೊನೆಯ ಸುತ್ತಿನಲ್ಲಿ ಮುಂದಿದ್ದ ನೀಲಿ ಹೆಲ್ಮೆಟ್ಟಿನ ಬೆನ್ನಿಗೇ ಬಂದಳು, ದಾಟಲಾಗಲಿಲ್ಲ. ನಾಲ್ಕನೆಯವಳಾದಳು. ಫುಫ್ಫಡ್‌ಜಿ ಎದ್ದು, ಗೆರೆ ಓರೆಯಾಗಿ ಎಳೆದಿದ್ದಾರೆ ಎಂದು ಜಗಳ ತೆಗೆದರು. ಬೂಆಜಿ ಅವರ ಅಂಗಿ ಹಿಡಿದು ಕೂರಿಸಿದರು.

ಮಗಳು ಸ್ಕೇಟು ಬಿಚ್ಚದೆಯೇ ಕಟಕಟೆಯ ಹತ್ತಿರ ಜಾರುತ್ತಾ ಬಂದಳು. ಮುಖ ಕೆಂಪಾಗಿತ್ತು. ನಗಲಿಲ್ಲ.

"ನೋಡಿದ್ಯಾ?"

"ನೋಡಿದೆ."

"ಎರಡನೇ ಸುತ್ತಲ್ಲಿ, ಆ ಕಡೆ ತಿರುವಲ್ಲಿ, ನಾನೇನ್ ಮಾಡಿದೆ ಹೇಳು."

"ಎಡಗಾಲ ಮೇಲೆ ಭಾರ ಹಾಕಿ ಬಲಗಾಲು ದಾಟಿಸಿದೆ. ಬೀಳೋ ಹಾಗಾಯ್ತು, ಕೈ ನೆಲಕ್ಕೆ ತಗಲಿಸಿದೆ, ಬೀಳ್ಲಿಲ್ಲ. ಹಾಗೇ ಹಸಿರು ಜಡೆಪಟ್ಟಿಯವಳನ್ನ ಒಳಗಿಂದ ದಾಟಿದೆ."

ಅವಳು ಕಟಕಟೆಯ ಮೇಲಿಂದ ಬೆವರಿದ ಹೆಲ್ಮೆಟ್ಟನ್ನು ನನ್ನ ಕೈಗೆ ಕೊಟ್ಟು, ನೀರು ಕೇಳಿದಳು.