ಸೂರಿನ ದೋಣಿಗೆ ಆಶೀರ್ವಾದ

ಬುರುಲ್ಚಾಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕರಾಕೋಲ್‌ನ ಬೆಟ್ಟಗಳ ಮೇಲೆ ಮೊದಲ ಹಿಮದ ಮೋಡ ಕವಿದಿತ್ತು. ಕಳೆದ ಚಳಿಗಾಲ, ಸೂರಿನ ನೀರನ್ನು ತುದಿಯ ಕೊಳವೆಗೆ ಹರಿಸುವ ತಗಡಿನ ದೋಣಿಯಲ್ಲಿ ನೀರು ನಿಂತು, ಹೆಪ್ಪುಗಟ್ಟಿ, ತಗಡು ಸೀಳಿ, ಗೋಡೆ ನೆನೆದು ಮಗಳ ಹಾಸಿಗೆಯವರೆಗೂ ಬೂಷ್ಟು ಹತ್ತಿತ್ತು. ಇವತ್ತು ಕೇರಿಯ ಗಂಡಸರೆಲ್ಲ ಸೇರಿ ಹೊಸ ದೋಣಿ ಕೂರಿಸಿದ್ದರು. ಆದರೆ ಅಂಗಳದಲ್ಲಿ ನಿಂತವರೆಲ್ಲ "ಕೊಳವೆ ಕಡೆ ಇಳಿದಿದೆ, ಎತ್ತು" ಎಂದು ಹೇಳಿ ಹೇಳಿ, ಅವಳ ಗಂಡ ಶಾರ್ಶೆನ್ ಆ ತುದಿಯನ್ನು ಒಂದು ಕೂದಲೆಳೆಯಷ್ಟು ಹೆಚ್ಚೇ ಎತ್ತಿಬಿಟ್ಟಿದ್ದ.

"ನೀರು ಕೊಳವೆಗೆ ಹೋಗೋದು ಹೇಗ್ರೀ? ಆ ಕಡೆಗೆ ಒಂದಿಷ್ಟು ಇಳಿಜಾರು ವಾಟ ಬೇಡ್ವಾ?"

"ಸೊಟ್ಟ ಮನೆ ಅಂತ ಬೀದಿಯವರು ನಗಲಿ ಅಂತೀಯಾ? ಹೋಗಿ ಚಹಾ ನೋಡು."

ಅಷ್ಟರಲ್ಲಿ ಎಲ್ಲರಿಗಿಂತ ಹಿರಿಯನಾದ ಎಸೆನ್‌ಕುಲ್ ಅಜ್ಜ ಸೂರಿನ ಈಚೆ ತುದಿಯ ಕೆಳಗೆ ನಿಂತು, ಆಶೀರ್ವಾದಕ್ಕೆಂದು ಎರಡೂ ಅಂಗೈ ಬಿಚ್ಚಿದ. ಅವನು ಪ್ರಾರ್ಥನೆಯ ಕೊನೆಗೆ "ಓಮಿನ್" ಎಂದು ಮುಖ ಸವರಿಕೊಂಡರೆ ಕೆಲಸ ಮುಗಿಯಿತು. ಆಮೇಲೆ ಆ ದೋಣಿಗೆ ಸುತ್ತಿಗೆ ಮುಟ್ಟಿಸುವ ಎದೆ ಆ ಕೇರಿಯಲ್ಲಿ ಯಾರಿಗೂ ಇರಲಿಲ್ಲ.

ಬುರುಲ್ಚಾ ತುಂಬಿದ ಬಕೆಟ್ಟು ಹಿಡಿದು ಏಣಿ ಹತ್ತಿದಳು.

"ಇಳಿಯೇ, ಮಾನ ಕಳೀಬೇಡ," ಗಂಡ ಹಲ್ಲು ಕಡಿದ.

ಅವಳು ಅಷ್ಟೂ ನೀರನ್ನು ದೋಣಿಗೆ ಸುರಿದಳು. ಎಲ್ಲರ ಕಣ್ಣೂ ಆಚೆ ತುದಿಯ ಕೊಳವೆಯ ಮೇಲೆ. ಅಲ್ಲಿ ಒಂದು ತೊಟ್ಟೂ ಬೀಳಲಿಲ್ಲ. ನೀರು ಈಚೆ ತುದಿಯಲ್ಲೇ ಏರಿ, ಅಂಚು ದಾಟಿ, ಅಜ್ಜನ ಬಿಚ್ಚಿದ ಅಂಗೈಗಳಿಗೆ ಧಾರೆಯಾಗಿ ಇಳಿಯಿತು.

ಅಜ್ಜ ಮುಖ ಸವರಿಕೊಳ್ಳಲಿಲ್ಲ. ಅಂಗೈಗಳನ್ನು ನೋಡಿಕೊಂಡು, ಕೋಟಿಗೆ ಒರೆಸಿಕೊಂಡ.

"ಶಾರ್ಶೆನ್, ಸುತ್ತಿಗೆ ಅವಳ ಕೈಗೆ ಕೊಡಪ್ಪ," ಎಂದ. "ನೀನು ಹೋಗಿ ಚಹಾ ನೋಡು."