ಬಯಾಸ್ಕೋಪಿನ ಡೊಳ್ಳು

ಮಲಕಮ್ಮ ಬಾಗಿಲಿಗೆ ಅಡ್ಡ ಕೈಯಿಟ್ಟಳು. ಒಳಗೆ ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದ ಗಂಡ ಅಮೋಘಸಿದ್ದನ ಹೆಣ, ಹೊಸ್ತಿಲಾಚೆ ಅವನ ಒಂದು ಕಾಲದ ಗೆಳೆಯ ನಸೀರುದ್ದೀನ, ನಡುವೆ ಅವಳ ಕೈ. ನೆರೆದಿದ್ದ ಹೆಂಗಸರು ಅಳುವುದನ್ನು ಅಲ್ಲಿಗೇ ಬಿಟ್ಟು ಇತ್ತ ನೋಡಿದರು.

"ಒಳಗ ಕಾಲಿಟ್ಟೀ ಅಂದ್ರ ನೋಡು," ಎಂದಳು ಮಲಕಮ್ಮ. "ಜೀವ ಇದ್ದಾಗ ಅವ ನಿನ್ನ ಮಾರಿ ನೋಡಲಿಲ್ಲ. ಸತ್ತ ಮ್ಯಾಲ ತೋರಿಸಾಕ ಬಂದೀದೇನು?"

ಯಾದಗಿರಿಯಿಂದ ಬಳಿಚಕ್ರದವರೆಗೆ ಬಿಸಿಲಲ್ಲಿ ನಡೆದು ಬಂದಿದ್ದ ಮುದುಕ ಟೋಪಿ ತೆಗೆದು ಬೆವರು ಒರೆಸಿಕೊಂಡ. "ಒಂದ್ ಸಲ ನೋಡಿ, ಮಣ್ಣು ಕೊಟ್ಟು ಹೋಗ್ತೀನಿ ತಂಗಿ. ಬ್ಯಾರೆ ಏನೂ ಬೇಡಾಕ ಬಂದಿಲ್ಲ."

"ಮಣ್ಣು ನೀ ಆವತ್ತೇ ಹಾಕೀದಿ."

ಅಂಗಳದಿಂದ ಮಲಕಮ್ಮನ ಅಣ್ಣ ಭಗವಂತರಾಯ ಓಡಿ ಬಂದ. ಬೆಳಗಿನಿಂದ ಎಲ್ಲ ಅವನದೇ ಓಡಾಟ. ಕುಣಿ ತೋಡಿಸಿದವನು ಅವನು, ಡೊಳ್ಳಿನವರನ್ನು ಕರೆಸಿದವನು ಅವನು, ಕೊಂಕಲ್‌ಗೆ ಕೊಟ್ಟ ತಂಗಿಯ ಮಗಳನ್ನು ಕರೆತರಲು ಬಂಡಿ ಹೂಡಿ ಕಳಿಸಿದವನೂ ಅವನೇ. ಇಂಥ ಅಣ್ಣನಿರುವಾಗ ನಿನಗ್ಯಾಕ ಚಿಂತಿ ಎಂದು ಬಂದ ಹೆಂಗಸರೆಲ್ಲ ಹೇಳಿ ಹೇಳಿ ಮಲಕಮ್ಮನ ತಲೆ ಸವರಿದ್ದರು.

"ಹೋಗು ಸಾಹೇಬ, ಹೊಟ್ಟಿ ಉರಿಸಬ್ಯಾಡ ಆಕಿದು," ಎಂದ ಭಗವಂತರಾಯ. ನಸೀರುದ್ದೀನ ಅವನ ಮುಖವನ್ನೇ ದಿಟ್ಟಿಸಿದ. ಆಮೇಲೆ ಹೋಗಿ ಬೇವಿನ ಗಿಡದ ಕೆಳಗೆ ಕುಳಿತ.

ನೆರೆಮನೆಯ ಅಂಬವ್ವ ಮಲಕಮ್ಮನ ರಟ್ಟೆ ಹಿಡಿದು ಒಳಗೆಳೆದಳು. "ಕುಂದರ್ಲಿ ಬಿಡು ಅತ್ಲಾಗ. ಮಗಳು ಬರೂ ತನಕ ಹ್ಯಾಂಗೂ ಹೆಣ ಏಳಂಗಿಲ್ಲ. ಹೆಣದ ಮುಂದ ಜಗಳಾಡಿದ್ರ ಮಂದಿಗೆ ವರ್ಷಪೂರ್ತಿ ಆಡಿಕೊಳ್ಳಾಕ ಆಗ್ತದ."

*

ಅವರಿಬ್ಬರೂ ಗೆಳೆಯರಾಗಿದ್ದ ಕಾಲಕ್ಕೆ ಯಾದಗಿರಿ ಸ್ಟೇಷನ್ನಿನ ಹಿಂದಿನ ಬಯಲಲ್ಲಿ ಒಬ್ಬ ಸೇಠ್ ಡೇರೆ ಹಾಕಿ ಮೂಕಿ ಚಿತ್ರದ ಬಯಾಸ್ಕೋಪ್ ತೋರಿಸುತ್ತಿದ್ದ. ಚಿತ್ರಕ್ಕೆ ಬಾಯಿಲ್ಲ, ಪರದೆಯ ಬುಡದಲ್ಲಿ ಯಾರಾದರೂ ಕುಳಿತು ಬಾರಿಸಬೇಕು. ಹಾರ್ಮೋನಿಯಂನವನು ಬಂದ, ನಾಲ್ಕು ದಿನ ಪೀಂ ಪೀಂ ಮಾಡಿ ಹೋದ. ಕುರಿ ಮಾರಲು ಸಂತೆಗೆ ಬಂದಿದ್ದ ಅಮೋಘಸಿದ್ದನ ಡೊಳ್ಳು ಕೇಳಿದ ಮೇಲೆ ಸೇಠ್ ಬೇರೆಯವರನ್ನು ಹುಡುಕಲಿಲ್ಲ.

ಮಲಕಮ್ಮ ಒಮ್ಮೆ ಹೋಗಿ ಹೆಂಗಸರ ಪರದೆಯ ಹಿಂದೆ ಕುಳಿತು ನೋಡಿದ್ದಳು. ಚಿತ್ರ ಶುರುವಾದದ್ದೇ ಒಂದು ಮುಚ್ಚಿದ ಬಾಗಿಲಿನಿಂದ. ಉದ್ದನೆಯ ಓಣಿ, ಅದರ ತುದಿಗೆ ಬಾಗಿಲು, ಮನುಷ್ಯರ ಸುಳಿವಿಲ್ಲ. ಚಿತ್ರ ತೆಗೆದವನು ಕ್ಯಾಮೆರಾ ಪೆಟ್ಟಿಗೆಯನ್ನು ಗಾಡಿಯ ಮೇಲಿಟ್ಟು ಮೆಲ್ಲಗೆ ತಳ್ಳಿಸಿದ್ದನಂತೆ. ನೋಡುವವರಿಗೆ ಮಾತ್ರ ಬಾಗಿಲೇ ಎದ್ದು ತಮ್ಮ ಕಡೆ ನಡೆದು ಬಂದ ಹಾಗೆ ಕಾಣುತ್ತಿತ್ತು. ಅದರ ಹಿಂದೆ ಏನಿದೆ ಎಂಬುದನ್ನು ಗಂಡ ಮನೆಯಲ್ಲೇ ಹೇಳಿದ್ದ: ದೀಪ ಹಿಡಿದ ಒಬ್ಬ ಮುದುಕಿ, ಅಷ್ಟೇ.

ಅವನು ಮೊದಲು ಬರಿಗೈಯಲ್ಲಿ ಡೊಳ್ಳು ಸವರಿದ. ಆ ಸದ್ದು ಕಿವಿಗಿಂತ ಮೊದಲು ಹೊಟ್ಟೆಗೆ ತಾಗಿತು. ಬಾಗಿಲು ಹತ್ತಿರವಾದಂತೆ ಕೋಲಿನ ಏಟು ಬಿತ್ತು, ಒಂದೊಂದೇ, ಆಮೇಲೆ ಬಿಡುವಿಲ್ಲದೆ. ಕದ ಪರದೆ ತುಂಬಿತು ಅನ್ನುವಾಗ ಕೈಯೆತ್ತಿ ಒಮ್ಮೆಲೇ ನಿಲ್ಲಿಸಿಬಿಟ್ಟ. ಡೇರೆಯಲ್ಲಿ ಒಬ್ಬರೂ ಉಸಿರು ಬಿಡಲಿಲ್ಲ. ಮುದುಕಿ ಇರುವುದು ಗೊತ್ತಿದ್ದ ಮಲಕಮ್ಮನೇ ಎಲ್ಲರಿಗಿಂತ ಮೊದಲು ಚೀರಿದಳು.

ದಾರಿಯುದ್ದಕ್ಕೂ ಅವನಿಗೆ ನಗುವೋ ನಗು. "ಬಾಗಲದಾಗ ಏನದ ಹುಚ್ಚಿ? ಮೆಲ್ಲಗ ಬಾರಿಸಿದ್ರ ಅದರ ಹಿಂದ ಮದಿಮಗಳು ಇದ್ದಾಳ ಅಂತೀರಿ, ಜೋರ ಬಡದ್ರ ಕೊಲ್ಲಾಂವ ಇದ್ದಾನ ಅಂತೀರಿ. ಬಡಿಯೋದು ಬಿಟ್ಟರಂತೂ ಮುಗದೇ ಹೋತು."

"ನಿಂದೇ ದೊಡ್ಡಸ್ತನ ಬಿಡು."

"ನನ್ನದಲ್ಲ. ನಾ ಕೈ ಎತ್ತಿದ್ದು ನೋಡಿ ಹಿಂದ ನಸೀರ ಮಷೀನಿನ ಹಿಡಿಕೆ ತಿರುವೋದು ಸಾವಕಾಶ ಮಾಡ್ತಾನ. ಬಾಗಲಾ ಅಲ್ಲೇ ನಿಂತ್ಹಾಂಗ ಆಗ್ತದ. ಪೂರಾ ನಿಲ್ಲಿಸಿದ್ರ ರೀಲು ಸುಟ್ಟು ಹೋಗ್ತದ. ಇನ್ನೇನು ಸುಡ್ತದ ಅನ್ನೂ ತನಕಾ ನನ್ನ ಕೈ ಕಾಯ್ತಾನ ಅಂವ."

ಅಮೋಘಸಿದ್ದ ಬಾರಿಸುವಾಗ ಒಂದು ದಿನವೂ ಹಿಂತಿರುಗಿ ನೋಡಿದವನಲ್ಲ. ನಸೀರ ಹಿಂದೆ ಇದ್ದಾನೆ ಎಂಬುದೇ ಅವನಿಗೆ ಸಾಕಾಗಿತ್ತು.

*

ಒಂದು ಮಳೆಗಾಲಕ್ಕೆ ಡೇರೆ ಬಿಚ್ಚಿದರು. ಮಳೆ ಕಳೆದು ಮತ್ತೆ ಕಟ್ಟಿದ ಸುದ್ದಿ ಬಂದದ್ದೇ ತಡ, ಅಮೋಘಸಿದ್ದ ಗಡ್ಡ ಹೆರೆಸಿಕೊಂಡು ಡೊಳ್ಳು ಹೆಗಲಿಗೇರಿಸಿ ಹೊರಟ. ಡೇರೆಯ ಮುಂದೆ ಉರ್ದುವಿನಲ್ಲಿ ಬರೆದ ದೊಡ್ಡ ಹಲಗೆ ನಿಲ್ಲಿಸಿದ್ದರು. ಅವನಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ಎಂದೂ ಇಲ್ಲದಷ್ಟು ಮಂದಿ ಸೇರಿದ್ದನ್ನು ಕಂಡು, ಪಾಪ, ತನ್ನ ಡೊಳ್ಳಿಗೇ ಬಂದಿದ್ದಾರೆ ಎಂದು ಹಿಗ್ಗಿದನಂತೆ.

ದೀಪ ಆರಿತು. ಅವನು ಕೋಲೆತ್ತಿದ. ಅಷ್ಟರಲ್ಲಿ ಪರದೆಯೇ ಹಾಡತೊಡಗಿತು. ಹತ್ತಾರು ವಾದ್ಯ ಒಟ್ಟಿಗೆ ಎದ್ದವು. ಸೇಠ್ ಪರದೆಯ ಹಿಂದೆ ಬೇರೆ ಮೇಳ ಕೂಡಿಸಿದ್ದಾನೆ ಎಂದುಕೊಂಡು ಅಮೋಘಸಿದ್ದ ಹಟದಿಂದ ಇನ್ನೂ ಜೋರಾಗಿ ಬಡಿದ. "ಏ ಡೊಳ್ಳಾ, ಬಂದ್ ಮಾಡಲೇ!" ಎಂದು ಒಬ್ಬ ಕೂಗಿದ. ನಗೆ ಎದ್ದಿತು. ಸೇಂಗಾ ಸಿಪ್ಪೆ ಬಂದು ತಲೆಯ ಮೇಲೆ ಬಿದ್ದವು. ಆಗ ಅವನು ಮೊದಲ ಸಲ ಹಿಂತಿರುಗಿ ನೋಡಿದ. ಹೊಸ ಮಷೀನು ತನ್ನಷ್ಟಕ್ಕೆ ತಿರುಗುತ್ತಿತ್ತು. ಅದರ ಪಕ್ಕದಲ್ಲಿ ನಸೀರುದ್ದೀನ ತಲೆ ತಗ್ಗಿಸಿ ನಿಂತಿದ್ದ.

ಮನೆಗೆ ಬಂದವನು ಡೊಳ್ಳನ್ನು ಒಯ್ದು ಗುಡಿಗೆ ಕೊಟ್ಟುಬಿಟ್ಟ. ಅಂದಿನಿಂದ ಭಾವಮೈದುನ ಭಗವಂತರಾಯನ ಕುರಿ ಕಾಯ್ದ, ಜ್ವರ ಹಿಡಿದು ಮಲಗುವ ತನಕ. ಹಬ್ಬದಲ್ಲಿ ಡೊಳ್ಳಿನ ಸದ್ದು ಕೇಳಿದರೆ ಎದ್ದು ಅಡವಿಗೆ ಹೋಗುತ್ತಿದ್ದ. ಮಂದಿ ನಕ್ಕದ್ದನ್ನು ಅವನು ಎಂದೋ ಮರೆತ. ಮರೆಯದೆ ಉಳಿದದ್ದು ಬೇರೆ. "ನಸೀರಗ ಗೊತ್ತಿತ್ತಲ್ಲ. ಒಂದು ಮಾತು ಹೇಳಿದ್ರ ಆಗ್ತಿತ್ತು," ಎಂದು ಜ್ವರದಲ್ಲಿ ಮೊನ್ನೆಯೂ ಬಡಬಡಿಸಿದ್ದ.

*

ಬಂಡಿ ಬಂತು. ಮಗಳು ಇಳಿಯುವ ಮೊದಲೇ ಗೋಳೋ ಎಂದು ಅತ್ತಳು. ಅವಳನ್ನು ಅಂಬವ್ವನ ಕೈಗೆ ಕೊಟ್ಟು ತಿರುಗುವಾಗ ಮಲಕಮ್ಮನಿಗೆ ಬೇವಿನ ಕೆಳಗೆ ನಸೀರುದ್ದೀನ ಇನ್ನೂ ಕುಳಿತಿದ್ದದ್ದು ಕಂಡಿತು. ಸಿಟ್ಟು ನೆತ್ತಿಗೇರಿತು.

"ಒಂದು ಮಾತು ಹೇಳಿದ್ರ ನಿನ್ನ ನಾಲಿಗಿ ಸವೀತಿತ್ತೇನು? ಅದೊಂದು ಮಾತಿನ ಸಲುವಾಗಿ ಸಾಯೂ ತನಕ ಕೊರಗಿದ ಅಂವ!"

ನಸೀರುದ್ದೀನ ಗಾಬರಿಯಾಗಿ ಎದ್ದು ನಿಂತ. "ಹೇಳಿ ಕಳಿಸಿದ್ದೆನಲ್ಲವ್ವಾ."

"ಯಾರ ಕೂಡ?"

"ನಿಮ್ಮಣ್ಣನ ಕೂಡ. ಹೊಸಾ ಮಷೀನ್ ಕೂಡಿಸಾಕ ಬಂದ ಹೈದ್ರಾಬಾದಿನ ಮಿಸ್ತ್ರಿ ನನಗ ಅದನ್ನ ಬಿಟ್ಟು ಅಲುಗಾಡಾಕ ಕೊಡಲಿಲ್ಲ. ಸಂತಿಗೆ ಬಂದ ನಿಮ್ಮಣ್ಣನ್ನ ಕರದು ಹೇಳಿದೆ. ಮಾತಾಡೂ ಚಿತ್ರ ಬಂದದ, ಸಿದ್ದಗ ಡೇರೆಕ ಬರಬ್ಯಾಡ ಅನ್ನು. ಶಹಾಪುರದಾಗ ನಾಟಕದವರಿಗೆ ಡೊಳ್ಳಿನವ ಬೇಕಾಗ್ಯಾನ, ಮಾತಾಡಿ ಇಟ್ಟೇನಿ, ಸೀದಾ ಅಲ್ಲಿಗೆ ಹೋಗು ಅನ್ನು ಅಂದೆ. ಅಂವ ಡೇರೆದಾಗ ಕುಂತಾನ ಅಂತ ಡೊಳ್ಳು ಬಡದಾಗ ನನಗ ಗೊತ್ತಾತು." ಅವನು ಕೆರೆಯ ಕಡೆ ಕೈ ತೋರಿಸಿದ. "ಆಮ್ಯಾಲ ಊರಿಗೂ ಬಂದೆ. ಕೆರಿ ದಂಡಿ ಮ್ಯಾಲೇ ನಿಮ್ಮಣ್ಣ ತರುಬಿದ. ಸಿದ್ದ ನಿನ್ನ ಕಂಡ್ರ ಕಡೀತಾನ ಅಂದ."

ಮಲಕಮ್ಮ ಅಂಗಳ ದಾಟಿ ಅಣ್ಣನ ಮುಂದೆ ಹೋಗಿ ನಿಂತಳು. "ಸಾಹೇಬ ಹೇಳೋದು ಖರೇ ಏನು?"

ಭಗವಂತರಾಯ ರುಮಾಲು ಸರಿಮಾಡಿಕೊಂಡ. "ಈಗ್ಯಾಕ ಆ ಮಾತು? ಸಂತಿಯೊಳಗ ನೂರು ಮಂದಿ ನೂರು ಹೇಳ್ತಾರ."

ಇಲ್ಲ ಎನ್ನಲಿಲ್ಲ ಅವನು. ಹುಟ್ಟಿದಾಗಿನಿಂದ ನೋಡಿದ ಅಣ್ಣ, ಅವಳಿಗೆ ಅಷ್ಟೇ ಸಾಕಾಯಿತು. ಆದರೂ ಬಿಡಲಿಲ್ಲ. "ಹೇಳಿದ್ನೋ ಇಲ್ಲೋ?"

"ಹೇಳಿದ್ದ. ಏನಾತೀಗ? ನಾಟಕದವರ ಬೆನ್ನ ಹತ್ತಿ ಊರೂರು ತಿರಗಿದ್ರ ನಿನ್ನ ಗತಿ ಏನಾಗ್ತಿತ್ತು? ನನ್ನ ಕುರಿಗೂ ಒಬ್ಬ ನಂಬಿಗಸ್ಥ ಬೇಕಾಗಿದ್ದ. ಮಂದಿ ನಕ್ಕು ಕಳಿಸಿದ್ರ ತಾನ ಮನಿ ಹಿಡೀತಾನ ಅಂದೆ. ಹಿಡದ. ಒಂದಿನಾ ಉಪಾಸ ಕೆಡವೀನೇನು ನಿಮ್ಮನ್ನ?"

ನಂಬಿಗಸ್ಥ! ಮಲಕಮ್ಮನಿಗೆ ಮೈಯೆಲ್ಲ ಉರಿಯಿತು. ಇವನ ಹಟ್ಟಿಗೆ ದಿನಾ ಬುತ್ತಿ ಹೊತ್ತವಳು ತಾನು. ಇವನ ಹೆಸರಲ್ಲಿ ದೇವರಿಗೆ ಕಾಯಿ ಒಡೆಸಿದವಳು ತಾನು. ನಸೀರನಿಗೆ ನೆಲ ಹೊಡೆದು ಶಾಪ ಹಾಕಿದವಳೂ ತಾನೇ. ಒಳಗೆ ಹಣೆ ತುಂಬ ಅರಿಸಿನದ ಭಂಡಾರ ಹಚ್ಚಿಸಿಕೊಂಡು ಕುಳಿತವನಿಗಂತೂ ಇನ್ನು ಯಾವುದೂ ತಿಳಿಯುವುದಿಲ್ಲ. ತಪ್ಪು ಮನುಷ್ಯನನ್ನು ದ್ವೇಷಿಸುತ್ತ, ಮೋಸ ಮಾಡಿದವನ ಕುರಿ ಕಾಯುತ್ತ ಅವನು ಸತ್ತುಹೋಗಿದ್ದ. ಅವಳಿಗೆ ಅಳು ಬರಲಿಲ್ಲ.

"ಹೊತ್ತಾತು," ಎಂದರು ಹಿರಿಯರು. "ತವರಿನವರು ಸೀರಿ ಹೊದಸ್ರಿ, ಹೆಣ ಎತ್ತೋಣು."

ಗಂಡ ಸತ್ತವಳಿಗೆ ತವರಿನ ಸೀರೆ ಬೀಳದೆ ಹೆಣ ಏಳುವಂತಿಲ್ಲ. ಡೊಳ್ಳಿನವರು ಡೊಳ್ಳು ಕೊರಳಿಗೆ ಹಾಕಿಕೊಂಡು ಕೋಲೆತ್ತಿದರು. ಭಗವಂತರಾಯ ಹೊಸ ಸೀರೆ ಬಿಚ್ಚಿ, ಎರಡೂ ಕೈಯಲ್ಲಿ ಹರಡಿಕೊಂಡು ತಂಗಿಯ ಮುಂದೆ ಬಂದ. ಮಲಕಮ್ಮ ತಲೆ ಬಾಗಿಸಲಿಲ್ಲ.

"ಮಲ್ಕವ್ವಾ, ಮಂದಿ ನೋಡಾಕತ್ತಾರ," ಎಂದು ಅವನು ಪಿಸುಗುಟ್ಟಿದ.

"ನೋಡ್ಲಿ," ಎಂದಳು. ಆಮೇಲೆ ಬೇವಿನ ಗಿಡದ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಕೂಗಿದಳು. "ನಸೀರಣ್ಣಾ, ಒಳಗ ಬಾ. ಅವನ ಕಿವ್ಯಾಗ ನೀನ ಹೇಳು."

ನಸೀರುದ್ದೀನ ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದ. ಹೆಣದ ಪಕ್ಕದಲ್ಲಿ ಮೊಣಕಾಲೂರಿ, ತಣ್ಣಗಾದ ಕಿವಿಗೆ ಬಾಯಿಟ್ಟು ಏನನ್ನೋ ಹೇಳತೊಡಗಿದ. ಬಹಳ ಹೊತ್ತು ಹೇಳಿದ. ಡೊಳ್ಳಿನವರು ಎತ್ತಿದ ಕೋಲುಗಳನ್ನು ಒಬ್ಬೊಬ್ಬರಾಗಿ ಇಳಿಸಿದರು. ಅಂಗಳದಲ್ಲಿ ಭಗವಂತರಾಯ ಬಿಚ್ಚಿದ ಸೀರೆ ಹಿಡಿದು ನಿಂತೇ ಇದ್ದ. ಅದರ ಇನ್ನೊಂದು ತುದಿ ಹಿಡಿದು ಮಡಚಿಕೊಡಲು ಯಾರೂ ಮುಂದೆ ಬರಲಿಲ್ಲ.